ಹರಾಜಿನ ಮನೆ, ಪರರ ಬೇಲಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ಅವರ ಕಾಲದಲ್ಲಿ ಬ್ಯಾಂಕುಗಳ ಇ-ಹರಾಜು ಇದ್ದಿದ್ದರೆ ಆ ಗಾದೆಗೆ ಮೂರನೆಯದೊಂದನ್ನೂ ಸೇರಿಸುತ್ತಿದ್ದರೋ ಏನೋ: ಹರಾಜಿನಲ್ಲಿ ಮನೆ ಕೊಂಡು ನೋಡು. ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗುವ ಹರಾಜಿನ ಪ್ರಕಟಣೆಯನ್ನು ಈಗ ಮಧ್ಯಮ ವರ್ಗದ ಅನೇಕ ಗೃಹಸ್ಥರು ಮಗಳಿಗೆ ಬಂದ ಜಾತಕವನ್ನು ನೋಡುವಷ್ಟೇ ಆಸ್ಥೆಯಿಂದ ನೋಡುತ್ತಾರೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ನೆಲದ ಬೆಲೆ ಸಂಬಳದಾರನ ಕೈಗೆಟುಕದಷ್ಟು ಮೇಲೇರಿರುವಾಗ, ಬ್ಯಾಂಕು ಗೊತ್ತುಮಾಡಿದ ಮೀಸಲು ಬೆಲೆ ಪೇಟೆಯ ಬೆಲೆಗಿಂತ ತುಸು ಕೆಳಗಿದ್ದರೆ ಆಸೆ ಹುಟ್ಟುವುದು ಸಹಜವೇ. ಮಾರುವವರು ಬ್ಯಾಂಕಿನವರು, ಮೋಸದ ಭಯವಿಲ್ಲ. ಕಾಗದಪತ್ರಗಳನ್ನು ಅವರ ವಕೀಲರೇ ಪರಿಶೀಲಿಸಿರುತ್ತಾರೆ ಎಂಬ ಭರವಸೆ ಬೇರೆ.

ಈ ಭರವಸೆಯಲ್ಲಿ ಅರ್ಧದಷ್ಟು ನಿಜವಿದೆ. ಉಳಿದರ್ಧದ ನಿಜಸ್ಥಿತಿ, ಹಣವನ್ನೆಲ್ಲ ಕಟ್ಟಿ, ಪ್ರಮಾಣಪತ್ರವನ್ನು ಪಡೆದು, ಹೊಸ ಬೀಗದೊಡನೆ ಸ್ಥಳಕ್ಕೆ ಹೋದ ದಿನ ಗೊತ್ತಾಗುತ್ತದೆ. ಒಂದು ಕಡೆ ನೆರೆಯವನ ಕಾಂಪೌಂಡು ಗೋಡೆ ಮೂರು ಅಡಿ ಒಳಕ್ಕೆ ಬಂದು ನಿಂತಿರುತ್ತದೆ. ಇನ್ನೊಂದು ಕಡೆ ಹಿತ್ತಿಲಿನಲ್ಲಿ ಯಾರದೋ ತಗಡಿನ ಷೆಡ್ಡು, ಅದರೊಳಗೆ ಯಾರದೋ ಸಂಸಾರ, ಒಲೆಯ ಹೊಗೆ. ಮತ್ತೆ ಕೆಲವೆಡೆ ಸಾಲ ತೀರಿಸಲಾಗದೆ ಮನೆಯನ್ನು ಕಳೆದುಕೊಂಡ ಮೊದಲಿನ ಮಾಲಿಕನೇ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿರುತ್ತಾನೆ. ಕೊಂಡವನ ಕೈಯಲ್ಲಿ ಬ್ಯಾಂಕಿನ ಮೊಹರು ಬಿದ್ದ ಕಾಗದ. ಕಣ್ಣೆದುರಿಗೆ ಪರರ ಬೇಲಿ. ಅಂದಿನಿಂದ ಅವನು ಒಂದು ಕೈಯಿಂದ ಬಾಡಿಗೆ, ಇನ್ನೊಂದು ಕೈಯಿಂದ ಗೃಹಸಾಲದ ಕಂತು, ಹೀಗೆ ಎರಡು ಮನೆಗಳ ವೆಚ್ಚವನ್ನು ಹೊತ್ತು, ವಾಸಕ್ಕೆ ಮಾತ್ರ ಒಂದೂ ಸ್ವಂತದ್ದಿಲ್ಲದೆ ಇರಬೇಕಾಗುತ್ತದೆ.

ಹರಾಜಿನ ಸುತ್ತಿಗೆ ಹಕ್ಕನ್ನು ಒಬ್ಬನಿಂದ ಇನ್ನೊಬ್ಬನಿಗೆ ವರ್ಗಾಯಿಸಬಲ್ಲುದು. ಬೇಲಿಯನ್ನು ಅದು ಒಂದಂಗುಲವೂ ಸರಿಸಲಾರದು. ಬೇಲಿಯನ್ನು ಸರಿಸುವುದಕ್ಕೆ ಕಾನೂನಿನಲ್ಲಿ ಬೇರೆ ಬಾಗಿಲುಗಳಿವೆ. ಅವುಗಳಲ್ಲಿ ಒಂದು ಬಾಗಿಲು ಬ್ಯಾಂಕು ಜತೆಯಲ್ಲಿರುವವರೆಗೆ ಮಾತ್ರ ತೆರೆದಿರುತ್ತದೆ. ಆ ಅವಧಿಯನ್ನು ಕಳೆದುಕೊಂಡವನು ಮುಂದೆ ಎಲ್ಲ ಮಾಲಿಕರಂತೆ ಒಂಟಿಯಾಗಿ ಸಿವಿಲ್ ನ್ಯಾಯಾಲಯದ ಮೆಟ್ಟಿಲನ್ನು ಹತ್ತಬೇಕು. ಇಷ್ಟನ್ನು ಮುಂಚಿತವಾಗಿ ಅರಿತಿದ್ದರೆ ಅರ್ಧ ತೊಂದರೆ ತಪ್ಪಿದಂತೆಯೇ ಸರಿ.

ಬ್ಯಾಂಕು ಮಾರುವುದೇನು?

ಬ್ಯಾಂಕುಗಳಿಗೆ ಈ ಅಧಿಕಾರ ಬಂದುದು 2002ರ ಒಂದು ಕೇಂದ್ರ ಕಾಯಿದೆಯಿಂದ. ಅದರ ಉದ್ದವಾದ ಹೆಸರನ್ನು ಯಾರೂ ಹೇಳುವುದಿಲ್ಲ. ಸರ್ಫೇಸಿ ಎಂಬ ಹ್ರಸ್ವನಾಮವೇ ಬಳಕೆಯಲ್ಲಿದೆ. ಅದಕ್ಕೆ ಮುಂಚೆ ಅಡಮಾನದ ಸಾಲ ವಸೂಲಿಗೆ ಬ್ಯಾಂಕುಗಳು ಸಾಮಾನ್ಯವಾಗಿ ನ್ಯಾಯಾಲಯದ ಅಥವಾ ನ್ಯಾಯಾಧಿಕರಣದ ಮುಂದೆ ವರುಷಗಟ್ಟಲೆ ಕಾಯಬೇಕಾಗಿತ್ತು. ಈ ಕಾಯಿದೆ ಬಂದಮೇಲೆ, ಸಾಲ ಕೆಟ್ಟಿತೆಂದು ಲೆಕ್ಕಕ್ಕೆ ಬಂದ ಬಳಿಕ ಸಾಲಗಾರನಿಗೆ 60 ದಿನಗಳ ನೋಟೀಸು ಕೊಟ್ಟು, ಆಗಲೂ ಹಣ ಬಾರದಿದ್ದರೆ ನ್ಯಾಯಾಲಯಕ್ಕೆ ಹೋಗದೆಯೇ ಸ್ವತ್ತನ್ನು ವಶಕ್ಕೆ ತೆಗೆದುಕೊಂಡು ಮಾರಬಹುದು. ಮೊದಲ ಸಲದ ಮಾರಾಟಕ್ಕೆ ಸಾಲಗಾರನಿಗೆ 30 ದಿನಗಳ ತಿಳಿವಳಿಕೆ ಸಲ್ಲತಕ್ಕದ್ದು. ಹರಾಜಿನ ಪ್ರಕಟಣೆ ಎರಡು ಪತ್ರಿಕೆಗಳಲ್ಲಿ, ಅವುಗಳಲ್ಲೊಂದು ಸ್ಥಳೀಯ ಭಾಷೆಯದಾಗಿ, ಬರತಕ್ಕದ್ದು. ಕೃಷಿ ಭೂಮಿಗೆ ಮಾತ್ರ ಈ ಕಾಯಿದೆ ಅನ್ವಯಿಸುವುದಿಲ್ಲ. ಪಹಣಿಯಲ್ಲಿ ಇನ್ನೂ ಹೊಲವೆಂದೇ ಇರುವ ನೆಲವನ್ನು ನಿವೇಶನವೆಂದು ಹರಾಜಿಗಿಟ್ಟಿದ್ದರೆ, ಕೊಳ್ಳುವವನು ಅಲ್ಲಿಯೇ ಒಂದು ಹೆಜ್ಜೆ ಹಿಂದೆ ನಿಲ್ಲುವುದು ಮೇಲು.

ಇಂಥ ಪ್ರಕಟಣೆಗಳ ಕೊನೆಯಲ್ಲಿ, ‘ಎಲ್ಲಿದೆಯೋ ಅಲ್ಲಿಯೇ, ಹೇಗಿದೆಯೋ ಹಾಗೆಯೇ, ಏನಿದೆಯೋ ಅಷ್ಟೇ’ ಎಂಬ ಅರ್ಥದ ಒಂದು ಸಾಲು ಇರುತ್ತದೆ. ಅನೇಕರು ಅದನ್ನು ಪತ್ರದ ಕೊನೆಯ ‘ಇಂತಿ ನಮಸ್ಕಾರಗಳು’ ಎಂಬುದರಂತೆ ಓದದೆಯೇ ದಾಟಿಬಿಡುತ್ತಾರೆ. ಆದರೆ ಇಡೀ ಪ್ರಕಟಣೆಯ ಜೀವವೇ ಆ ಸಾಲಿನಲ್ಲಿದೆ. ಸ್ವತ್ತಿನ ಸ್ಥಿತಿಯನ್ನು ತಾನೇ ವಿಚಾರಿಸಿ ತಿಳಿದುಕೊಳ್ಳುವ ಹೊಣೆ ಕೊಳ್ಳುವವನದೆಂದು ಅದು ಸಾರುತ್ತದೆ. ಅದು ಬರಿಯ ಬೆದರಿಕೆಯಲ್ಲವೆಂಬುದಕ್ಕೆ 2023ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ಒಂದು ತೀರ್ಪು ಸಾಕ್ಷಿ: ಈ ಷರತ್ತಿನ ಮೇಲೆ ಹರಾಜಿನಲ್ಲಿ ಕೊಂಡ ಸ್ವತ್ತಿನ ಹಳೆಯ ವಿದ್ಯುತ್ ಬಾಕಿಯನ್ನು, ನಿಯಮಗಳಲ್ಲಿ ಅವಕಾಶವಿದ್ದರೆ, ಹೊಸ ಮಾಲಿಕನಿಂದಲೇ ಕೇಳಬಹುದು ಎಂದು ನ್ಯಾಯಾಲಯ ಹೇಳಿತು. ದೀಪ ಉರಿಸಿದವನು ಒಬ್ಬ, ಎಣ್ಣೆಯ ಬೆಲೆ ತೆರುವವನು ಇನ್ನೊಬ್ಬ!

ಹಾಗೆಂದು ಬ್ಯಾಂಕಿಗೆ ಹೊಣೆಯೇ ಇಲ್ಲವೆಂದಲ್ಲ. ತನಗೆ ತಿಳಿದಿರುವ ಋಣಭಾರಗಳನ್ನು ಮಾರಾಟದ ಪ್ರಕಟಣೆಯಲ್ಲಿ ಅದು ಹೇಳಲೇಬೇಕೆಂದು ಕಾಯಿದೆಯ ಕೆಳಗಿನ ನಿಯಮಗಳು ವಿಧಿಸಿವೆ. ಆದರೆ ‘ತಿಳಿದಿರುವ’ ಎಂಬ ಪದದಲ್ಲಿಯೇ ಎಲ್ಲ ಅಡಗಿದೆ. ಬ್ಯಾಂಕಿಗೆ ತಿಳಿದಿರುವುದು ಅದರ ಕಡತದಲ್ಲಿರುವಷ್ಟು. ಸಾಲ ಕೊಟ್ಟಾಗ ಮೌಲ್ಯಮಾಪಕನು ಬರೆದ ವರದಿ ಎಷ್ಟೋ ವರ್ಷ ಹಳೆಯದಿರಬಹುದು. ನೆರೆಯವನ ಗೋಡೆ ಅದಾದ ಮೇಲೆ ಎದ್ದಿರಬಹುದು. ಸ್ವತ್ತಿನ ಕ್ರಯಪತ್ರದಲ್ಲಿ 30 ಅಡಿ ಎಂದಿದ್ದರೆ ಬ್ಯಾಂಕು 30 ಅಡಿ ಎಂದೇ ಅಚ್ಚು ಹಾಕಿಸುತ್ತದೆ. ನೆಲದ ಮೇಲೆ 27 ಉಳಿದಿದೆಯೆ ಎಂದು ಟೇಪು ಹಿಡಿದು ನೋಡುವವರು ವಿರಳ.

ಮೂರು ಅಡಿಯ ಮಾತು ಸಣ್ಣದೆಂದು ತೋರಬಹುದು. 30 ಅಡಿ ಅಗಲ, 40 ಅಡಿ ಉದ್ದದ ನಿವೇಶನದಲ್ಲಿ ಉದ್ದಕ್ಕೂ ಮೂರು ಅಡಿ ಹೋಯಿತೆಂದರೆ 120 ಚದರ ಅಡಿ, ಅಂದರೆ ಕೊಂಡ ನೆಲದ ಹತ್ತರಲ್ಲೊಂದು ಪಾಲು ಹೋದಂತೆ. ಚದರ ಅಡಿಗೆ 6,000 ರೂಪಾಯಿಯಂತೆ ಲೆಕ್ಕ ಹಾಕಿದರೆ 7,20,000 ರೂಪಾಯಿ. ಮನೆಯ ಸುತ್ತ ಬಿಡಬೇಕಾದ ಜಾಗವನ್ನು ಬಿಟ್ಟು ಕಟ್ಟಹೊರಟರೆ ನಕ್ಷೆಯೇ ಕೂಡಿಬರದೆ ಹೋಗುವುದೂ ಉಂಟು.

ಕಾಗದದ ಸ್ವಾಧೀನ, ನೆಲದ ಸ್ವಾಧೀನ

ಪ್ರಕಟಣೆಯಲ್ಲಿ ನೋಡಬೇಕಾದ ಇನ್ನೊಂದು ಮಾತು ‘ಸಾಂಕೇತಿಕ ಸ್ವಾಧೀನ’ ಎಂಬುದು. ಬ್ಯಾಂಕು ಸ್ವತ್ತಿನ ಬಾಗಿಲಿಗೆ ನೋಟೀಸು ಅಂಟಿಸಿ, ಪತ್ರಿಕೆಗಳಲ್ಲಿ ಪ್ರಕಟಿಸಿ, ‘ಇದು ನಮ್ಮ ವಶಕ್ಕೆ ಬಂದಿದೆ’ ಎಂದು ಸಾರಿದರೆ ಸಾಂಕೇತಿಕ ಸ್ವಾಧೀನವಾಯಿತು. ಒಳಗಿರುವವರು ಒಳಗೇ ಇರುತ್ತಾರೆ. ಅವರ ಮನೆಯ ಹಾಲು ಎಂದಿನಂತೆ ಉಕ್ಕುತ್ತಿರುತ್ತದೆ. ಒಳಗಿನವರು ಹೊರಬಂದು, ಬೀಗದ ಕೈ ಬ್ಯಾಂಕಿನ ಅಧಿಕಾರಿಯ ಜೇಬಿಗೆ ಬಂದಾಗ ಮಾತ್ರ ಭೌತಿಕ ಸ್ವಾಧೀನ. ಸಾಂಕೇತಿಕ ಸ್ವಾಧೀನದಲ್ಲಿರುವ ಸ್ವತ್ತು ಕಡಿಮೆ ಬೆಲೆಗೆ ಸಿಕ್ಕರೆ ಅದೇನೂ ದಾನವಲ್ಲ. ಮುಂದೆ ಪಡಬೇಕಾದ ಶ್ರಮಕ್ಕೆ ಮುಂಗಡವಾಗಿ ಸಂದ ಕೂಲಿ ಎಂದು ಅದನ್ನು ಎಣಿಸತಕ್ಕದ್ದು.

ಭೌತಿಕ ಸ್ವಾಧೀನವನ್ನು ಪಡೆಯಲು ಬ್ಯಾಂಕಿಗೆ ಕಾಯಿದೆಯ 14ನೆಯ ಪ್ರಕರಣದಲ್ಲಿ ಬಲವಾದ ಅಸ್ತ್ರವೊಂದಿದೆ. ಕಾಯಿದೆಯ ಮಾತಿನಂತೆ ಚೀಫ್ ಮೆಟ್ರೊಪಾಲಿಟನ್ ಮ್ಯಾಜಿಸ್ಟ್ರೇಟರಿಗೆ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅದು ಅರ್ಜಿ ಸಲ್ಲಿಸಬಹುದು. ಅವರು 30 ದಿನಗಳೊಳಗೆ, ಕಾರಣವನ್ನು ಬರೆದಿಟ್ಟರೆ ಒಟ್ಟು 60 ದಿನಗಳೊಳಗೆ, ಆಜ್ಞೆ ಮಾಡಿ ಅಗತ್ಯವಿದ್ದರೆ ಪೋಲೀಸರ ನೆರವಿನಿಂದ ಸ್ವತ್ತನ್ನು ಬಿಡಿಸಿಕೊಡಬೇಕು. ಹಲವೆಡೆ ಅದು ಇನ್ನೂ ತಡವಾಗುತ್ತದೆಂಬುದು ಬೇರೆ ಮಾತು. ಇಲ್ಲಿ ಗಮನಿಸಬೇಕಾದುದು ಎರಡು ಸಂಗತಿ. ಮೊದಲನೆಯದಾಗಿ, ಈ ಅರ್ಜಿಯನ್ನು ಹಾಕುವ ಹಕ್ಕು ಬ್ಯಾಂಕಿನದು, ಹರಾಜಿನಲ್ಲಿ ಕೊಂಡವನದಲ್ಲ. ಎರಡನೆಯದಾಗಿ, ಮಾರಾಟ ಮುಗಿದಮೇಲೂ ಭೌತಿಕ ಸ್ವಾಧೀನ ಬಾಕಿಯಿದ್ದರೆ ಬ್ಯಾಂಕು ಈ ಅರ್ಜಿಯನ್ನು ಹಾಕಬಹುದೆಂದು 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿದೆ. ಆದುದರಿಂದ ‘ಮಾರಿಯಾಯಿತು, ಇನ್ನು ನಿಮ್ಮ ಪಾಡು’ ಎಂದು ಬ್ಯಾಂಕಿನ ಶಾಖೆಯವರು ಹೇಳಿದರೆ ಅದನ್ನೇ ವೇದವಾಕ್ಯವೆಂದು ನಂಬಿ ಹಿಂದಿರುಗಬೇಕಾಗಿಲ್ಲ. ಆ ಅರ್ಜಿಯನ್ನು ಹಾಕಬೇಕೆಂದು ಅಧಿಕೃತ ಅಧಿಕಾರಿಗೆ ಲಿಖಿತವಾಗಿ ಕೇಳಿ, ಸ್ವೀಕೃತಿಯನ್ನು ಪಡೆದಿಟ್ಟುಕೊಳ್ಳತಕ್ಕದ್ದು.

ಒಳಗಿರುವವನು ಯಾರು?

ವೈದ್ಯನು ಮೊದಲು ನಾಡಿ ಹಿಡಿದು ಆಮೇಲೆ ಮದ್ದು ಬರೆಯುವಂತೆ, ಇಲ್ಲಿಯೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಜಾಗವನ್ನು ಹಿಡಿದಿರುವವನು ಯಾರು, ಯಾವ ಹಕ್ಕಿನ ಮೇಲೆ? ಉತ್ತರ ನಾಲ್ಕು ಬಗೆಯಾಗಿರಬಹುದು. ನಾಲ್ಕಕ್ಕೂ ಮದ್ದು ಬೇರೆ ಬೇರೆ.

ಮೊದಲನೆಯವನು ಸಾಲಗಾರನೇ, ಅಥವಾ ಅವನ ಮನೆಯವರು. ಇವರ ವಿಷಯದಲ್ಲಿ ದಾರಿ ನೇರವಾಗಿದೆ. ಬ್ಯಾಂಕಿನ ಕ್ರಮದಲ್ಲಿ ದೋಷವಿದ್ದರೆ ಅವರು 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಾಧಿಕರಣಕ್ಕೆ ಹೋಗಬಹುದು. ಅಲ್ಲಿ ತಡೆಯಾಜ್ಞೆ ಸಿಗದಿದ್ದರೆ 14ನೆಯ ಪ್ರಕರಣದ ಆಜ್ಞೆಗೆ ತಲೆಬಾಗಲೇಬೇಕು. ಹಣ ಕಟ್ಟಿ ಸ್ವತ್ತನ್ನು ಬಿಡಿಸಿಕೊಳ್ಳುವ ಹಕ್ಕು ಕೂಡ ಹರಾಜಿನ ಪ್ರಕಟಣೆ ಹೊರಬೀಳುವವರೆಗೆ ಮಾತ್ರ ಎಂದು, 2016ರ ತಿದ್ದುಪಡಿಯನ್ನು ಅರ್ಥೈಸುತ್ತ, 2023ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಹರಾಜಿಗೆ ಮುನ್ನ ಇಂಥ ಅರ್ಜಿಯೇನಾದರೂ ನ್ಯಾಯಾಧಿಕರಣದಲ್ಲಿ ಬಾಕಿ ಇದೆಯೆ ಎಂದು ವಿಚಾರಿಸುವುದು ಕೊಳ್ಳುವವನ ಕರ್ತವ್ಯ.

ಎರಡನೆಯವನು ಬಾಡಿಗೆದಾರ. ಇವನನ್ನು ಅತಿಕ್ರಮಿ ಎಂದು ಕರೆಯುವ ಮುಂಚೆ ಅವನ ಕರಾರನ್ನು ನೋಡಬೇಕು. ಅಡಮಾನಕ್ಕೆ ಮುಂಚೆಯೇ ವಿಧಿವತ್ತಾಗಿ ನೋಂದಣಿಯಾದ ಗುತ್ತಿಗೆಯಿದ್ದರೆ, ಅವಧಿ ಮುಗಿಯುವವರೆಗೆ ಕಾನೂನು ಅವನನ್ನು ಕಾಪಾಡುತ್ತದೆ. 60 ದಿನಗಳ ನೋಟೀಸು ತಲುಪಿದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಬಾಡಿಗೆಗೆ ಕೊಡುವ ಅಧಿಕಾರ ಸಾಲಗಾರನಿಗಿಲ್ಲ. ನೋಂದಣಿಯಿಲ್ಲದ ಕರಾರು, ಬಾಯಿಮಾತಿನ ಬಾಡಿಗೆಗಳನ್ನು ಹಿಡಿದುಕೊಂಡು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಕೂಡಲಾಗದೆಂದು 2019ರ ತೀರ್ಪೊಂದು ಹೇಳುತ್ತದೆ. ಹರಾಜಿನ ಸುಳಿವು ಸಿಕ್ಕೊಡನೆ ಹಳೆಯ ತಾರೀಖಿನ ಕರಾರುಪತ್ರದೊಡನೆ ಪ್ರತ್ಯಕ್ಷನಾಗುವ ಬಾಡಿಗೆದಾರನಿಗೆ ಇದೇ ಉತ್ತರ. ಬಾಡಿಗೆದಾರನ ಹಕ್ಕಿನ ಸತ್ಯಾಸತ್ಯವನ್ನು ಪರಿಶೀಲಿಸುವ ಅಧಿಕಾರವನ್ನು 2016ರಲ್ಲಿ ಸಾಲ ವಸೂಲಾತಿ ನ್ಯಾಯಾಧಿಕರಣಕ್ಕೇ ಕೊಡಲಾಗಿದೆ.

ಮೂರನೆಯವನು ನೆರೆಯವನು, ಗೋಡೆಯನ್ನೋ ಮೆಟ್ಟಿಲನ್ನೋ ಶೌಚದ ಗುಂಡಿಯನ್ನೋ ಗಡಿ ದಾಟಿಸಿ ಕಟ್ಟಿದವನು. ನಾಲ್ವರಲ್ಲಿ ಅತ್ಯಂತ ಕಗ್ಗಂಟಿನವನು ಇವನೇ. ಏಕೆಂದರೆ ಅವನು ಬ್ಯಾಂಕಿಗೆ ಸಾಲಗಾರನಲ್ಲ; ತನ್ನ ನೆಲದಲ್ಲಿಯೇ ತಾನಿದ್ದೇನೆಂದು ಅವನ ವಾದ. 14ನೆಯ ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟರ ಕೆಲಸ ಸ್ವಾಧೀನ ಕೊಡಿಸುವುದಷ್ಟೇ, ಹಕ್ಕಿನ ತಕರಾರನ್ನು ತೀರ್ಮಾನಿಸುವುದಲ್ಲ ಎಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಆದುದರಿಂದ ಗಡಿಯ ಜಗಳ ಕೊನೆಗೆ ಸಿವಿಲ್ ನ್ಯಾಯಾಲಯಕ್ಕೇ ಹೋಗುತ್ತದೆ. ಅಲ್ಲಿ ಕೇಳಬೇಕಾದುದನ್ನೆಲ್ಲ ಒಂದೇ ದಾವೆಯಲ್ಲಿ ಕೇಳತಕ್ಕದ್ದು: ಹಕ್ಕಿನ ಘೋಷಣೆ, ಒತ್ತುವರಿಯಾದ ಜಾಗದ ಸ್ವಾಧೀನ, ಕಟ್ಟಿದ್ದನ್ನು ತೆಗೆಯಬೇಕೆಂಬ ಆಜ್ಞೆ. ‘ಮುಂದೆ ಕಟ್ಟಬಾರದು’ ಎಂಬ ಪ್ರತಿಬಂಧಕಾಜ್ಞೆಯೊಂದನ್ನೇ ಕೇಳಿ, ಹಕ್ಕಿನ ವಿಚಾರವೇ ಎದ್ದಾಗ ದಾವೆಯನ್ನು ಕಳೆದುಕೊಂಡವರು ಬಹಳ ಮಂದಿ. ಸ್ಥಳಕ್ಕೆ ಕಮಿಷನರನ್ನು ಕಳುಹಿಸಿ ಅಳತೆ ಮಾಡಿಸುವಂತೆಯೂ ನ್ಯಾಯಾಲಯವನ್ನು ಕೇಳಬಹುದು. ಗಡಿಯ ವ್ಯಾಜ್ಯಗಳಲ್ಲಿ ಆ ವರದಿಗೆ ಬಲುಮಟ್ಟಿಗೆ ಬೆಲೆಯಿದೆ.

ನೆರೆಯವನ ವಿಷಯದಲ್ಲಿ ಕಾಲವೂ ಶತ್ರುವೇ. ಹಕ್ಕಿನ ಆಧಾರದ ಮೇಲೆ ಸ್ವಾಧೀನ ಕೇಳಲು 1963ರ ಕಾಲಪರಿಮಿತಿ ಕಾಯಿದೆ ಕೊಡುವ ಅವಧಿ 12 ವರ್ಷ. ಈ ಎಣಿಕೆ ಹರಾಜಿನ ದಿನದಿಂದ ಆರಂಭವಾಗುವುದೆಂದು ತಿಳಿಯಲಾಗದು. ಸಾಲಗಾರನ ಕಾಲದಲ್ಲಿಯೇ ಬಹಿರಂಗವಾಗಿ ಎದ್ದ ಗೋಡೆಯಾದರೆ ಆ ವರ್ಷಗಳೂ ಲೆಕ್ಕಕ್ಕೆ ಬರಬಹುದು. ‘ಮೊದಲು ಗೃಹಪ್ರವೇಶವಾಗಲಿ, ಆಮೇಲೆ ನೋಡೋಣ’ ಎಂದು ಮುಂದೂಡುವವರು ಗೋಡೆಯ ವಯಸ್ಸನ್ನು ಮೊದಲು ವಿಚಾರಿಸುವುದೊಳ್ಳೆಯದು.

ನಾಲ್ಕನೆಯವನು ಸಾಲಗಾರನಿಗೂ ಬ್ಯಾಂಕಿಗೂ ಸಂಬಂಧವಿಲ್ಲದೆ, ಸ್ವತ್ತೇ ತನ್ನದೆನ್ನುವ ಅಪರಿಚಿತ; ಅಥವಾ ಯಾವ ಹಕ್ಕೂ ಇಲ್ಲದೆ ಖಾಲಿ ಜಾಗ ಕಂಡು ಷೆಡ್ಡು ಹಾಕಿದವನು. ಷೆಡ್ಡು ಹಾಕಿದವನು ಸಾಮಾನ್ಯವಾಗಿ 14ನೆಯ ಪ್ರಕರಣದ ಆಜ್ಞೆಯ ಮುಂದೆ ನಿಲ್ಲಲಾರ. ಆದರೆ ಪಿತ್ರಾರ್ಜಿತ ಪಾಲು, ಹಳೆಯ ಕ್ರಯಪತ್ರ ಮುಂತಾದುವನ್ನು ತೋರಿಸುವ ಮೂರನೆಯ ಪಕ್ಷದವನ ಹಕ್ಕಿನ ದಾವೆಯನ್ನು ಸಿವಿಲ್ ನ್ಯಾಯಾಲಯ ಕೇಳಬಹುದೆಂದು 2025ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿರುವುದರಿಂದ, ಅವನ ಕಾಗದಗಳನ್ನು ನಕ್ಕು ತಳ್ಳಿಹಾಕುವಂತಿಲ್ಲ.

ಕರ್ನಾಟಕದಲ್ಲಿ ಭೂಕಬಳಿಕೆಗೆಂದೇ ವಿಶೇಷ ನ್ಯಾಯಾಲಯವಿದೆಯಲ್ಲ, ಅಲ್ಲಿಗೇಕೆ ಹೋಗಬಾರದು ಎಂದು ಹಲವರು ಕೇಳುತ್ತಾರೆ. 2011ರ ಆ ಕಾಯಿದೆ ಸರ್ಕಾರ, ಸ್ಥಳೀಯ ಸಂಸ್ಥೆ, ವಕ್ಫ್, ಧಾರ್ಮಿಕ ದತ್ತಿ ಮುಂತಾದವುಗಳ ನೆಲವನ್ನು ಕಾಯುವುದಕ್ಕೆ ಆದುದು; ಖಾಸಗಿ ಗೃಹಸ್ಥನ ನಿವೇಶನಕ್ಕೆ ಅದು ರಕ್ಷೆಯಲ್ಲ. ಆ ಬಾಗಿಲನ್ನು ತಟ್ಟಿ ದಿನ ಕಳೆಯುವುದರಲ್ಲಿ ಲಾಭವಿಲ್ಲ.

ಬಿಡ್ಡು ಕೂಗುವ ಮುನ್ನ

ಇಷ್ಟೆಲ್ಲ ತೊಡಕಿನಲ್ಲಿ ಬಹುಪಾಲನ್ನು ಹರಾಜಿಗೆ ಮುಂಚಿನ ಕೆಲವು ದಿನಗಳಲ್ಲಿ ಕಂಡುಹಿಡಿಯಬಹುದು. ಪ್ರಕಟಣೆಯಲ್ಲಿ ಸ್ವತ್ತನ್ನು ನೋಡುವುದಕ್ಕೆ ಸಾಮಾನ್ಯವಾಗಿ ಒಂದು ದಿನವನ್ನು ಗೊತ್ತುಮಾಡಿರುತ್ತಾರೆ. ಆ ದಿನ ಮನೆಯ ಬಣ್ಣ, ಅಡಿಗೆಮನೆಯ ಗಾಳಿಬೆಳಕುಗಳನ್ನು ಮಾತ್ರ ನೋಡಿ ಬರುವುದು ಸಾಲದು. ಕ್ರಯಪತ್ರದ ಚೆಕ್ಕುಬಂದಿಯನ್ನು ಕೈಯಲ್ಲಿ ಹಿಡಿದು, ಟೇಪಿನಿಂದ ನಾಲ್ಕು ದಿಕ್ಕನ್ನೂ ಅಳೆದು, ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು ಎಂದು ಹೊಂದಿಸಿ ನೋಡತಕ್ಕದ್ದು. ವಿಸ್ತೀರ್ಣಕ್ಕೂ ಚೆಕ್ಕುಬಂದಿಗೂ ಹೊಂದಿಕೆಯಾಗದಿದ್ದಲ್ಲಿ ನ್ಯಾಯಾಲಯಗಳು ಸಾಮಾನ್ಯವಾಗಿ ಚೆಕ್ಕುಬಂದಿಗೇ ಮನ್ನಣೆ ಕೊಡುವುದರಿಂದ, ಕಾಗದದಲ್ಲಿ 1,200 ಚದರ ಅಡಿ ಎಂದಿದೆಯೆಂಬ ಒಂದೇ ಧೈರ್ಯದ ಮೇಲೆ ನಿಲ್ಲುವುದು ಸರಿಯಲ್ಲ.

ಸರ್ವೆ ನಂಬರಿನ ನೆಲವಾದರೆ ಭೂದಾಖಲೆಗಳ ಇಲಾಖೆಯಲ್ಲಿ ಹದ್ದುಬಸ್ತಿಗೆ ಅರ್ಜಿ ಹಾಕಿಸಬಹುದು. ಆಗ ಅಕ್ಕಪಕ್ಕದವರಿಗೆ ನೋಟೀಸು ಕೊಟ್ಟು, ಮೂಲ ಟಿಪ್ಪಣಿ ಆಕಾರಬಂದುಗಳನ್ನು ಹಿಡಿದು ಮೋಜಣಿದಾರನು ಗಡಿ ಗುರುತಿಸುತ್ತಾನೆ. ಈ ಅರ್ಜಿಯನ್ನು ಖಾತೆದಾರನೇ ಹಾಕಬೇಕಾಗುವುದರಿಂದ, ಕೊಂಡಮೇಲೆ ಖಾತೆ ಬದಲಾದೊಡನೆ ಮಾಡಬೇಕಾದ ಮೊದಲ ಕೆಲಸ ಅದು. ಹರಾಜಿಗೆ ಮುಂಚೆ ಪರವಾನಗಿ ಪಡೆದ ಖಾಸಗಿ ಮೋಜಣಿದಾರನನ್ನು ಕರೆದೊಯ್ಯುವುದೇ ಸುಲಭ. ಪ್ರಾಧಿಕಾರದ ಬಡಾವಣೆಯ ನಿವೇಶನವಾದರೆ ಮಂಜೂರಾದ ಬಡಾವಣೆಯ ನಕ್ಷೆಯೊಡನೆ ಹೋಲಿಸಬೇಕು.

ಋಣಭಾರ ಪ್ರಮಾಣಪತ್ರವನ್ನು ತೆಗೆಸಿದ್ದೇವೆ, ಅದು ಶುದ್ಧವಾಗಿದೆ ಎಂದು ನೆಮ್ಮದಿಯಿಂದ ಇರುವವರುಂಟು. ಆ ಪತ್ರದಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ನೆರೆಯವನು ಗೋಡೆಯನ್ನು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸಿ ಕಟ್ಟುವುದಿಲ್ಲವಷ್ಟೆ! ಖಾತೆಯಾದರೂ ತೆರಿಗೆಯ ಲೆಕ್ಕಕ್ಕೆ ಇರುವ ದಾಖಲೆ, ಅದೇ ಹಕ್ಕುಪತ್ರವಲ್ಲ.

ಇನ್ನೊಂದು ಮುಖವೂ ಉಂಟು. ಹರಾಜಿಗೆ ಬಂದ ಮನೆಯೇ ರಸ್ತೆಯನ್ನೋ ರಾಜಕಾಲುವೆಯನ್ನೋ ಒತ್ತಿಕೊಂಡು ನಿಂತಿರಬಹುದು. ಆಗ ಕೊಂಡವನು ಮೊದಲಿನ ಮಾಲಿಕನ ಹಕ್ಕಿನೊಡನೆ ಅವನ ಒತ್ತುವರಿಯನ್ನೂ ಕೊಂಡಂತೆಯೇ. ನಗರಸಭೆಯ ನೋಟೀಸು ಬಂದಾಗ ‘ಕಟ್ಟಿದವನು ನಾನಲ್ಲ’ ಎಂಬ ಮಾತು ಗೋಡೆಯನ್ನು ಉಳಿಸುವುದಿಲ್ಲ.

ಹಣ, ಗಡುವು ಮತ್ತು ಸಹಿ

ಬಿಡ್ಡು ಗೆದ್ದವನು ಬೆಲೆಯ ಕಾಲುಭಾಗವನ್ನು ಅಂದೇ ಅಥವಾ ಮುಂದಿನ ಕೆಲಸದ ದಿನದೊಳಗೆ, ಉಳಿದುದನ್ನು ಮಾರಾಟ ಸ್ಥಿರಪಟ್ಟ 15ನೆಯ ದಿನದೊಳಗೆ ಕಟ್ಟಬೇಕು. ಬರಹದಲ್ಲಿ ಒಪ್ಪಿಕೊಂಡರೆ ಮೂರು ತಿಂಗಳವರೆಗೆ ಮುಂದೂಡಬಹುದು. ಒತ್ತುವರಿಯನ್ನು ಈ ನಡುವೆ ಕಂಡುಕೊಂಡ ಕೆಲವರು, ‘ಜಾಗ ಬಿಡಿಸಿಕೊಟ್ಟ ಹೊರತು ಬಾಕಿ ಕೊಡೆ’ ಎಂದು ಹಟ ಹಿಡಿದು ಕೂಡುವುದುಂಟು. ಇದು ಅಪಾಯದ ಹಾದಿ. ಗಡುವು ಮೀರಿದರೆ ಕಟ್ಟಿದ ಕಾಲುಭಾಗ ಮುಟ್ಟುಗೋಲಾಗುತ್ತದೆ. ಬ್ಯಾಂಕಿಗೆ ನಷ್ಟವಾಗಲಿ ಬಿಡಲಿ, ಇಡೀ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಳ್ಳಬಹುದೆಂದು 2024ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದಿದೆ. ಹಟಕ್ಕಿಂತ ಕಾಗದ ಮೇಲು: ಕೊರತೆಯನ್ನು ಅಳತೆಯೊಡನೆ ವಿವರಿಸಿ, ಭಾವಚಿತ್ರಗಳನ್ನು ಲಗತ್ತಿಸಿ ಅಧಿಕೃತ ಅಧಿಕಾರಿಗೆ ಪತ್ರ ಬರೆದು, ಗಡುವಿನ ವಿಸ್ತರಣೆಯನ್ನು ಗಡುವಿನೊಳಗೇ ಕೇಳಿ, ಅದು ಸಿಗದಿದ್ದರೆ ತಡಮಾಡದೆ ಸಾಲ ವಸೂಲಾತಿ ನ್ಯಾಯಾಧಿಕರಣವನ್ನು ಸೇರಬೇಕು. ಠೇವಣಿ ಮುಟ್ಟುಗೋಲಾದ ಕ್ರಯದಾರನಿಗೂ ಆ ನ್ಯಾಯಾಧಿಕರಣವೇ ತಕ್ಕ ಸ್ಥಳವೆಂದು 2017ರಲ್ಲಿಯೇ ತೀರ್ಪಾಗಿದೆ. ಅಲ್ಲಿಯೂ 45 ದಿನಗಳ ಮಿತಿಯನ್ನು ಮರೆಯಲಾಗದು.

ಸ್ವಾಧೀನ ಪಡೆಯುವ ದಿನ ಇನ್ನೂ ಮುಖ್ಯ. ಬೀಗದ ಕೈ ಸಿಕ್ಕ ಸಂತೋಷದಲ್ಲಿ, ‘ಪೂರ್ಣ ಸ್ವಾಧೀನವನ್ನು ಪಡೆದಿರುತ್ತೇನೆ’ ಎಂದು ಅಚ್ಚಾದ ರಸೀದಿಗೆ ಕಣ್ಮುಚ್ಚಿ ಸಹಿ ಮಾಡುವುದು ವಾಡಿಕೆಯಾಗಿದೆ. ಆ ಒಂದು ಸಹಿಯಿಂದ ಬ್ಯಾಂಕು ಹೊಣೆಯಿಂದ ಬಿಡುಗಡೆಯಾಗುತ್ತದೆ. ಕೊಂಡವನ ಜತೆಗಿದ್ದ ಬಲಗೈ ಅಲ್ಲಿಗೆ ಜಾರಿತು. ಅದರ ಬದಲು ಬ್ಯಾಂಕಿನವರ ಎದುರಿನಲ್ಲಿಯೇ ಅಳತೆ ಮಾಡಿಸಿ, ಎಷ್ಟು ಅಡಿ ಸಿಕ್ಕಿತು, ಎಷ್ಟು ಯಾರ ಕೈಯಲ್ಲಿದೆ, ಯಾವ ಕಟ್ಟಡವಿದೆ ಎಂಬುದನ್ನೆಲ್ಲ ಮಹಜರಿನಲ್ಲಿ ಬರೆಯಿಸಿ, ಸಿಕ್ಕಷ್ಟಕ್ಕೆ ಮಾತ್ರ ಸಹಿ ಮಾಡಬೇಕು. ಮಾರಾಟದ ಪ್ರಮಾಣಪತ್ರದಲ್ಲಿ ಋಣಭಾರಗಳ ವಿಷಯ ಏನು ಬರೆದಿದೆಯೆಂಬುದನ್ನೂ ಅಂದೇ ಓದಿಕೊಳ್ಳತಕ್ಕದ್ದು.

ಕೈ ಮಾಡುವುದು ಕೂಡದು

‘ಜಾಗ ನನ್ನದು, ನಾಲ್ಕು ಆಳು ತಂದು ಗೋಡೆ ಕೆಡವಿದರೆ ತೀರಿತು’ ಎಂದು ಸಲಹೆ ಕೊಡುವ ಮಿತ್ರರು ಎಲ್ಲ ಬೀದಿಗಳಲ್ಲಿಯೂ ಇದ್ದಾರೆ. ಆದರೆ ದೀರ್ಘಕಾಲದಿಂದ ನೆಲೆಗೊಂಡ ಸ್ವಾಧೀನದಲ್ಲಿರುವವನನ್ನು ನಿಜವಾದ ಮಾಲಿಕನೂ ಕಾನೂನಿನ ಕ್ರಮವಿಲ್ಲದೆ ಹೊರಹಾಕಲಾಗದೆಂಬುದನ್ನು, ಕರ್ನಾಟಕದಿಂದಲೇ ಹೋದ ಒಂದು ವ್ಯಾಜ್ಯದಲ್ಲಿ, 2003ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಖಚಿತವಾಗಿ ಹೇಳಿತು. ಬಲಾತ್ಕಾರವಾಗಿ ಹೊರಹಾಕಿಸಿಕೊಂಡವನು ಆರು ತಿಂಗಳೊಳಗೆ ದಾವೆ ಹೂಡಿದರೆ, ಹಕ್ಕು ಯಾರದೆಂಬ ಪ್ರಶ್ನೆಯನ್ನೇ ಎತ್ತದೆ ಅವನಿಗೆ ಸ್ವಾಧೀನವನ್ನು ಹಿಂದಕ್ಕೆ ಕೊಡಿಸುವ ಏರ್ಪಾಟು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯಲ್ಲಿದೆ. ಗೋಡೆ ಕೆಡವಿದ ಮಾಲಿಕನು ತಾನೇ ಕಟ್ಟಿಕೊಡಬೇಕಾಗಿ ಬರಬಹುದು. ಕ್ರಿಮಿನಲ್ ಮೊಕದ್ದಮೆ ಬೇರೆ. ಇದೇ ಕಾನೂನು ಕೊಂಡವನನ್ನೂ ಕಾಯುತ್ತದೆಂಬುದನ್ನು ಮರೆಯಬಾರದು. ಬ್ಯಾಂಕು ಖಾಲಿ ಮಾಡಿಸಿ ಕೊಟ್ಟ ನಿವೇಶನಕ್ಕೆ ಯಾರಾದರೂ ಮತ್ತೆ ನುಗ್ಗಿದರೆ, ಆ ಆರು ತಿಂಗಳ ದಾವೆ ಅವನಿಗೂ ಉಂಟು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 329ನೆಯ ಪ್ರಕರಣದ ಕೆಳಗೆ ಅತಿಕ್ರಮ ಪ್ರವೇಶದ ದೂರನ್ನೂ ಕೊಡಬಹುದು. ಆದುದರಿಂದ ಸ್ವಾಧೀನ ಬಂದ ದಿನವೇ ಬೇಲಿ, ಫಲಕ, ಬೀಗಗಳನ್ನು ಹಾಕಿಸಿ, ಖಾತೆಯನ್ನು ಬದಲಾಯಿಸಿಕೊಳ್ಳುವುದು ಜಾಣತನ.

ನ್ಯಾಯಾಲಯಕ್ಕೆ ಹೋಗುವ ಮುನ್ನ ನೆರೆಯವನ ಜಗಲಿಯ ಮೇಲೆ ಕುಳಿತು ಮಾತನಾಡುವುದರಲ್ಲಿ ಅವಮಾನವೇನೂ ಇಲ್ಲ. ಅವನಿಗೂ ಎಷ್ಟೋ ವೇಳೆ ತನ್ನ ಗೋಡೆ ಗಡಿ ದಾಟಿರುವುದು ತಿಳಿದಿರುವುದಿಲ್ಲ. ಜಂಟಿ ಅಳತೆಗೆ ಒಪ್ಪಿದರೆ ಒಂದು ನಕ್ಷೆಗೆ ಇಬ್ಬರೂ ಸಹಿ ಮಾಡಬಹುದು. ಗೋಡೆ ಸರಿಸಲಾಗದ ಸ್ಥಿತಿಯಿದ್ದರೆ ಆ ಪಟ್ಟಿಯನ್ನು ಬೆಲೆ ಕಟ್ಟಿ ಅವನೇ ಕೊಂಡು, ಪತ್ರವನ್ನು ನೋಂದಾಯಿಸಿಕೊಳ್ಳಬಹುದು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತು ಹುಟ್ಟಿದುದು ಇಂಥ ಮೂರು ಅಡಿಗಳ ವ್ಯಾಜ್ಯಗಳಿಂದಲೇ ಇರಬೇಕು. ಆದರೆ ಮಾತುಕತೆ ನಡೆಯುತ್ತಿದೆಯೆಂದು ಗಡುವುಗಳನ್ನು ಕಳೆದುಕೊಳ್ಳುವುದು ಮಾತ್ರ ಸಲ್ಲದು. ಬಾಯಲ್ಲಿ ಸಂಧಾನ, ಕೈಯಲ್ಲಿ ವಕೀಲರ ನೋಟೀಸಿನ ಪ್ರತಿ, ಎರಡೂ ಒಟ್ಟಿಗೆ ಇರಬಹುದು.

ಹರಾಜಿಗೆ ಬಂದ ಪ್ರತಿಯೊಂದು ಮನೆಯ ಹಿಂದೆಯೂ ಯಾರೋ ಒಬ್ಬರು ಕಂತು ಕಟ್ಟಲಾಗದೆ ಸೋತ ಕಥೆಯಿದೆ. ಆ ಸೋಲಿನ ವರ್ಷಗಳಲ್ಲಿ ಮಾಲಿಕನ ಕಣ್ಣು ಬೇಲಿಯ ಮೇಲಿರಲಿಲ್ಲ. ಬೇಲಿ ಸರಿದುದು ಆಗಲೇ. ಹೊಸದಾಗಿ ಬರುವ ಗೃಹಸ್ಥನು ತನ್ನ ಇಡೀ ಜೀವಮಾನದ ಉಳಿತಾಯವನ್ನು ಅಲ್ಲಿ ಸುರಿಯುವ ಮುನ್ನ ಒಂದು ಟೇಪು, ಒಬ್ಬ ಮೋಜಣಿದಾರ, ಒಬ್ಬ ವಕೀಲ, ಈ ಮೂವರಿಗೆ ಕೊಡುವ ಹಣವನ್ನು ದುಂದೆಂದು ಎಣಿಸದಿರಲಿ. ಬೆಲೆ ಎಷ್ಟು ಇಳಿದಿದೆಯೆಂದು ಕೇಳುವ ಮೊದಲು ನೆಲ ಎಷ್ಟು ಉಳಿದಿದೆಯೆಂದು ಕೇಳಿದವನ ಮನೆಯಲ್ಲಿ ಗೃಹಪ್ರವೇಶ ತಡವಾಗಿಯಾದರೂ ನೆಮ್ಮದಿಯಿಂದ ನಡೆಯುತ್ತದೆ.